ಪಿತ್ತಕೋಶದ ಆಪರೇಶನ್: ಮತ್ತು ಬರಿಸಿದವರಿಗೆ ಐದು ಸ್ಟಾರ್, ಫೈಲ್ ಇಟ್ಕೊಂಡವರಿಗೆ ಎರಡು

ಮೊದ್ಲೇ ಹೇಳ್ಬಿಡ್ತೀನಿ, ಆಸ್ಪತ್ರೆ ಹೆಸರು ಹಾಕಲ್ಲ, ಹೊಗಳೋದು ಜಾಸ್ತಿನೇ ಇದೆ ಆದ್ರೆ ಬೈಯೋದೂ ಇದೆ, ನಾನು ಬೈದಿದ್ದಕ್ಕೆ ಕೆಳಗಿನ ಕೆಲಸದವರು ಯಾರೋ ಬೈಸ್ಕೊಳ್ಳೋದು ನಂಗೆ ಬೇಡ. ಮೂರು ವಾರದ ಹಿಂದೆ ಗಾಲ್ ಬ್ಲಾಡರ್ ತೆಗೆಸ್ಕೊಂಡೆ, ಲ್ಯಾಪ್ರೋಸ್ಕೋಪಿ, ಹೊಟ್ಟೆ ಮೇಲೆ ನಾಲ್ಕು ಪುಟ್ಟ ತೂತು. ಸರ್ಜನ್ ಬಗ್ಗೆ ಬರೆಯೋಕೆ ಏನೂ ಇಲ್ಲ, ಚೆನ್ನಾಗಿ ಮಾಡಿದ್ರು, ಕಲ್ಲುಗಳನ್ನ ಡಬ್ಬೀಲಿ ಹಾಕಿ ತೋರ್ಸಿದ್ರು, ಮುಗೀತು. ಎಲ್ಲರೂ ರಿವ್ಯೂ ಬರಿಯೋದೇ ಸರ್ಜನ್ ಬಗ್ಗೆ ಮತ್ತೆ ರೂಮಿನ ಎಸಿ ಬಗ್ಗೆ. ನಾನು ಬರೀತಿರೋದು ಯಾರೂ ಬರೀದೇ ಇರೋ ಮೂರು ಜನರ ಬಗ್ಗೆ, ನೀವೇನು ತಿಂತೀರಾ ಅಂತ ಕೇಳೋರು, ನಿಮ್ಮನ್ನ ಮಲಗಿಸಿ ಎಬ್ಬಿಸೋರು, ಆಮೇಲೆ ಇವರಿಬ್ರೂ ಬರೆದಿದ್ದನ್ನ ಜೋಪಾನ ಮಾಡ್ಬೇಕಾಗಿರೋ ರೆಕಾರ್ಡ್ಸ್ ವ್ಯವಸ್ಥೆ. ಅದೇ ಆಸ್ಪತ್ರೇಲಿ ಎಂಟು ವರ್ಷದ ಹಿಂದೆ ಅಪೆಂಡಿಕ್ಸ್ ತೆಗೆಸ್ಕೊಂಡಿದ್ದೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಆಸ್ಪತ್ರೆಗಂತೂ ನೆನಪಿರ್ಲಿಲ್ಲ.

ಡಯಟೀಶಿಯನ್‌ನಿಂದ ಶುರು ಮಾಡ್ತೀನಿ. ಆಪರೇಶನ್‌ಗೆ ಹದಿನೈದು ದಿನ ಮುಂಚೆ ಕಳ್ಸಿದ್ರು, ನಂಗೆ ಸ್ವಲ್ಪ ಸಿಟ್ಟೇ ಬಂತು, ಕಲ್ಲು ತೆಗಿಯೋಕೆ ಬಂದೋಳಿಗೆ ಊಟದ ಪಾಠ ಯಾಕೆ ಅಂತ. ಒಳಗೆ ಹೋದ್ರೆ ಇನ್ನೂ ಮೂವತ್ತೂ ಆಗಿರದ ಹುಡುಗಿ, ಪಾಠ ಗೀಠ ಏನೂ ಮಾಡ್ಲಿಲ್ಲ, ಒಂದೇ ಪ್ರಶ್ನೆ. ನಿನ್ನೆ ಎದ್ದಾಗಿಂದ ಇವತ್ತು ಏಳೋವರೆಗೆ ಬಾಯಿಗೆ ಏನೇನು ಹೋಯ್ತು, ನಿಮಗೆ ನೆನಪಾದ ಹಾಗೆ ಹೇಳ್ತಾ ಹೋಗಿ, ನಾನು ಮಧ್ಯ ಬಾಯಿ ಹಾಕಲ್ಲ ಅಂದ್ಳು. ನಾನು ಎರಡು ನಿಮಿಷದಲ್ಲಿ ಹೇಳಿ ಮುಗಿಸ್ದೆ, ಮೂರು ಊಟ ಒಂದು ಕಾಫಿ ಅಷ್ಟೇ ಅಂತ. ಅವಳು ಪೆನ್ ಕೆಳಗಿಟ್ಟು ಮತ್ತೆ ಮೊದಲಿಂದ ಶುರು ಮಾಡಿದ್ಳು. ಕುಡಿದಿದ್ದು ಬೇರೆ ಏನಾದ್ರೂ? ಸಿಹಿ? ಅಡುಗೆ ಮಾಡ್ತಾ ರುಚಿ ನೋಡಿದ್ದು? ಬೇರೆಯವ್ರ ತಟ್ಟೇಲಿ ಉಳಿದಿದ್ದು ವೇಸ್ಟ್ ಆಗತ್ತೆ ಅಂತ ತಿಂದಿದ್ದು? ಈ ಕೊನೇ ಪ್ರಶ್ನೆಗೆ ನಾನು ನಕ್ಕುಬಿಟ್ಟೆ, ಸಿಕ್ಕಾಕ್ಕೊಂಡೆ. ಆಮೇಲೆ ಒಂದೊಂದಕ್ಕೂ ಎಷ್ಟು ಗಂಟೆಗೆ, ಎಲ್ಲಿ ಕೂತು, ಆಮೇಲೆ ಬೇರೆ ಬೇರೆ ಸೈಜಿನ ಬಟ್ಟಲು ಚಮಚ ಮುಂದಿಟ್ಟು ಇದ್ರಲ್ಲಿ ಯಾವುದು ಅಂತ, ಎಣ್ಣೆ ಎಷ್ಟು ಅಂತ, ಕೊನೇಗೆ ಇನ್ನೊಂದು ಸಲ ಪೂರ್ತಿ ಓದಿ ಹೇಳಿ ಇನ್ನೇನಾದ್ರೂ ಬಿಟ್ಟೋಯ್ತಾ ಅಂತ. ಮೂರು ಊಟ ಒಂದು ಕಾಫಿ ಹನ್ನೊಂದು ಐಟಂ ಆಯ್ತು.

ಆಮೇಲೆ ಮನೆಗೆ ಬಂದು ಓದಿದ್ಮೇಲೆ ಗೊತ್ತಾಯ್ತು, ಅವಳು ಮಾಡಿದ್ದಕ್ಕೆ ಹೆಸರಿದೆ, 24 ಗಂಟೆ ರೀಕಾಲ್ ಅಂತಾರೆ, ಹೀಗೆ ಐದು ಸುತ್ತು ಕೇಳೋ ಪದ್ಧತಿ ಅಮೆರಿಕದ ಕೃಷಿ ಇಲಾಖೆಯವ್ರು ಕಟ್ಟಿದ್ದು. ಯಾಕೆ ಅಷ್ಟು ಸುತ್ತು ಅಂದ್ರೆ ಜನ ಸುಳ್ಳು ಹೇಳ್ತಾರೆ ಅಂತಲ್ಲ, ಮರೀತಾರೆ ಅಂತ, ಅದೂ ಒಂದೇ ದಿಕ್ಕಿಗೆ ಮರೀತಾರೆ, ಕಮ್ಮಿ ದಿಕ್ಕಿಗೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಒಂದು ಸ್ಟಡಿ ಇದೆ, ನಾವು ತಿನ್ನೋದೇ ಕಮ್ಮಿ ಆದ್ರೂ ತೂಕ ಇಳೀತಿಲ್ಲ ಅಂತಿದ್ದ ಜನರನ್ನ ಕೂರಿಸಿ ಅಳೆದ್ರೆ ಅವರು ತಿಂದಿದ್ರಲ್ಲಿ ಸರಾಸರಿ 47 ಪರ್ಸೆಂಟ್ ಲೆಕ್ಕಕ್ಕೇ ಬಂದಿರ್ಲಿಲ್ವಂತೆ, ಮಾಡಿದ ಓಡಾಟವನ್ನ ಮಾತ್ರ 51 ಪರ್ಸೆಂಟ್ ಜಾಸ್ತಿ ಹೇಳಿದ್ರಂತೆ. ಹಂಗಾದ್ರೆ ನಿಜ ಎಷ್ಟು ಅಂತ ಹೇಗೆ ಗೊತ್ತಾಗತ್ತೆ ಅನ್ನೋದು ನಂಗೆ ತಲೆ ತಿಂದ ಪ್ರಶ್ನೆ. ಅದಕ್ಕೊಂದು ಚಂದದ ಉಪಾಯ ಇದೆ. ಹೈಡ್ರೋಜನ್ ಆಕ್ಸಿಜನ್ ಎರಡೂ ಸ್ವಲ್ಪ ಭಾರದ ಜಾತಿದು ಸೇರ್ಸಿದ ನೀರು ಕುಡಿಸ್ತಾರೆ, ಹೈಡ್ರೋಜನ್ ಮೈಯಿಂದ ನೀರಾಗಿ ಮಾತ್ರ ಹೊರಗೆ ಹೋಗತ್ತೆ, ಆಕ್ಸಿಜನ್ ನೀರಾಗೂ ಹೋಗತ್ತೆ ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ಆಗೂ ಹೋಗತ್ತೆ, ಕೆಲವು ದಿನ ಯೂರಿನ್ ತಗೊಂಡು ಎರಡೂ ಎಷ್ಟು ಬೇಗ ಖಾಲಿ ಆಗ್ತಿದೆ ಅಂತ ನೋಡಿದ್ರೆ ಆ ವ್ಯತ್ಯಾಸದಲ್ಲೇ ಮೈ ಎಷ್ಟು ಸುಟ್ಟಿದೆ ಅನ್ನೋ ಲೆಕ್ಕ ಸಿಗತ್ತೆ. ಬಾಯಿ ಏನಾದ್ರೂ ಹೇಳ್ಲಿ, ಯೂರಿನ್ ಮರೆಯಲ್ಲ. 2008ರಲ್ಲಿ ಈ ನೀರಿನ ಜೊತೆ ಹೋಲಿಸಿ ಐದು ಸುತ್ತಿನ ಪದ್ಧತಿಯನ್ನ 524 ಜನರ ಮೇಲೆ ಪರೀಕ್ಷೆ ಮಾಡಿದಾಗ ತಪ್ಪು ಸುಮಾರು 11 ಪರ್ಸೆಂಟ್‌ಗೆ ಇಳಿದಿತ್ತು, ಮಾಮೂಲಿ ತೂಕದವರಲ್ಲಿ 3ಕ್ಕಿಂತ ಕಮ್ಮಿ. ಅಂದ್ರೆ ತಟ್ಟೇಲಿ ಉಳಿದಿದ್ದು ತಿಂದ್ರಾ ಅನ್ನೋ ಪ್ರಶ್ನೆಗೂ ಬೆಲೆ ಇದೆ.

ಆದ್ರೆ ಅವಳು ನನ್ನ ಹಿಡಿದಿದ್ದು ಊಟದಲ್ಲಿ ಅಲ್ಲ. ತೂಕ ಹಾಕಿಸಿದ್ಳು, 58. ನಾಲ್ಕು ತಿಂಗಳ ಹಿಂದೆ ಎಷ್ಟಿತ್ತು ಅಂತ ಕೇಳಿದ್ಳು, 64 ಅಂದೆ, ಅದೂ ಖುಷಿಯಿಂದ ಅಂದೆ. ಅವಳ ಮುಖ ಸಣ್ಣಗಾಯ್ತು. ಬೇಕಂತ ಇಳಿಸಿದ್ರಾ ಅಂದ್ಳು. ಇಲ್ಲ, ಎಣ್ಣೆ ಪದಾರ್ಥ ತಿಂದ್ರೆ ನೋವು ಬರತ್ತೆ ಅಂತ ಒಂದೊಂದೇ ಬಿಟ್ಟು ಬಿಟ್ಟು ಕೊನೇಗೆ ಅರ್ಧ ಹೊಟ್ಟೇಲಿ ಇರ್ತಿದ್ದೆ. ಅದು ಒಂಬತ್ತು ಪರ್ಸೆಂಟ್ ಮೇಲೆ ಮೇಡಂ, ಇದನ್ನ ತೂಕ ಇಳಿಸಿದ್ದು ಅನ್ನಲ್ಲ, ಕಳ್ಕೊಂಡಿದ್ದು ಅಂತಾರೆ ಅಂದ್ಳು. 1936ರಲ್ಲೇ ಸ್ಟಡ್ಲಿ ಅನ್ನೋ ಸರ್ಜನ್ ಹೊಟ್ಟೆ ಅಲ್ಸರ್ ಆಪರೇಶನ್ ಆದವರ ಲೆಕ್ಕ ಹಾಕಿದ್ರಂತೆ, ಆಪರೇಶನ್‌ಗೆ ಮುಂಚೆ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೂಕ ಕಳ್ಕೊಂಡವರಲ್ಲಿ ಮೂರರಲ್ಲಿ ಒಬ್ರು ತೀರ್ಕೊಂಡ್ರು, ಅಷ್ಟು ಕಳ್ಕೊಳ್ದೇ ಇದ್ದವರಲ್ಲಿ 3.5 ಪರ್ಸೆಂಟ್. ಸರ್ಜನ್ ಅದೇ, ಚಾಕು ಅದೇ. ನಂದು ಅಷ್ಟು ಕೆಟ್ಟಿರ್ಲಿಲ್ಲ, ಆದ್ರೂ ಆ ಹದಿನೈದು ದಿನ ಪ್ರೋಟೀನ್ ಲೆಕ್ಕ ಬರ್ಕೊಟ್ಟು ತಿನ್ಸಿದ್ಳು, ಎಣ್ಣೆ ಇಲ್ದೇ ಹೊಟ್ಟೆ ತುಂಬಿಸೋದು ಹೇಗೆ ಅಂತ ಹೇಳ್ಕೊಟ್ಳು. ಜೊತೆಗೆ ಬ್ಯಾಗಲ್ಲಿರೋ ಮಾತ್ರೆ ಎಲ್ಲ ಟೇಬಲ್ ಮೇಲೆ ಸುರೀರಿ ಅಂದ್ಳು. ಸುರಿದೆ, ಅದ್ರಲ್ಲಿ ಗಿಂಕೋ ಅನ್ನೋ ಗಿಡದ ಸಾರದ ಕ್ಯಾಪ್ಸೂಲ್ ಒಂದು ಡಬ್ಬಿ ಇತ್ತು, ನೆನಪಿನ ಶಕ್ತಿಗೆ ಅಂತ ಯಾರೋ ಹೇಳಿದ್ರು ಅಂತ ತಗೊಳ್ತಿದ್ದೆ, ಮಾತ್ರೆ ತಗೊಳ್ತೀರಾ ಅಂತ ಯಾರು ಕೇಳಿದ್ರೂ ಇಲ್ಲ ಅಂತಿದ್ದೆ ಯಾಕಂದ್ರೆ ಅದು ಔಷಧಿ ಅಂತ ನಂಗೆ ಅನ್ನಿಸಿರ್ಲೇ ಇಲ್ಲ. ರಕ್ತ ಹೆಪ್ಪುಗಟ್ಟೋದಕ್ಕೆ ಅಡ್ಡ ಬರಬಹುದು, ಇವತ್ತಿಂದ್ಲೇ ನಿಲ್ಲಿಸಿ ಅಂದ್ಳು. ನೆನಪಿನ ಮಾತ್ರೆ ತಗೊಳ್ತಿರೋದನ್ನೇ ಹೇಳೋಕೆ ಮರ್ತಿದ್ದೆ.

ಇಷ್ಟಕ್ಕೆ ಐದು ಸ್ಟಾರ್ ಕೊಡ್ಬೇಕಿತ್ತು, ನಾಲ್ಕು ಕೊಡ್ತಿದೀನಿ, ಒಂದು ಕಟ್ ಮಾಡಿದ್ದು ಅವಳ ತಪ್ಪಿಗಲ್ಲ. ಅವಳು ಬರೆದಿದ್ದೆಲ್ಲ ನ್ಯೂಟ್ರಿಷನ್ ಅನ್ನೋ ಟ್ಯಾಬಲ್ಲಿ ಹೋಗಿ ಕೂತ್ಕೊಂಡಿತು. ಆ ಟ್ಯಾಬ್ ಯಾರೂ ತೆಗಿಯಲ್ಲ. ಎರಡು ದಿನ ಬಿಟ್ಟು ಅನಸ್ತೇಶಿಯಾ ಚೆಕಪ್‌ಗೆ ಹೋದಾಗ ಡಾಕ್ಟ್ರ ಸ್ಕ್ರೀನಲ್ಲಿ ನನ್ನ ತೂಕ 64 ಅಂತಿತ್ತು, ಅಡ್ಮಿಷನ್ ಡೆಸ್ಕಲ್ಲಿ ನಾನೇ ಬಾಯಲ್ಲಿ ಹೇಳಿದ್ದು ಅದು, ಬೇರೆ ಔಷಧಿ ಅನ್ನೋ ಕಡೆ ಏನೂ ಇಲ್ಲ ಅಂತಿತ್ತು. ಮತ್ತು ಬರಿಸೋ ಔಷಧಿ ಡೋಸ್ ಹಾಕೋದು ಕೆಜಿ ಲೆಕ್ಕದಲ್ಲಿ. ಒಂದೇ ಬಿಲ್ಡಿಂಗಲ್ಲಿ ಒಂದೇ ಹೆಂಗಸಿಗೆ ಎರಡು ತೂಕ.

ಈಗ ಅನಸ್ತೇಶಿಯಾ. ಜನ ಇವರನ್ನ ಇಂಜೆಕ್ಷನ್ ಕೊಟ್ಟು ಹೋಗೋರು ಅಂದ್ಕೊಂಡಿದಾರೆ, ನಾನೂ ಹಂಗೇ ಅಂದ್ಕೊಂಡಿದ್ದೆ. ಐವತ್ತರ ಹತ್ರದ ಡಾಕ್ಟ್ರು, ಮಾತು ಕಮ್ಮಿ. ಕೂತ್ಕೊಳ್ಳಿ, ಬಾಯಿ ದೊಡ್ಡದಾಗಿ ತೆಗೀರಿ, ನಾಲಿಗೆ ಹೊರಗೆ ಚಾಚಿ, ಆ ಅನ್ಬೇಡಿ ಅಂದ್ರು. ಟಾರ್ಚ್ ಹಾಕಿ ನೋಡಿದ್ರು. ಇದಕ್ಕೆ ಮಲ್ಲಂಪಟ್ಟಿ ಅಂತಾರೆ, ಶೇಷಗಿರಿ ಮಲ್ಲಂಪಟ್ಟಿ ಅಂತ ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋದ ಅನಸ್ತೇಶಿಯಾ ಡಾಕ್ಟ್ರು 1985ರಲ್ಲಿ ಬರೆದಿದ್ದು, ಬಾಯಿ ತೆಗೆದಾಗ ಹಿಂದೆ ಕಿರುನಾಲಿಗೆ ಎಷ್ಟು ಕಾಣತ್ತೆ ಅನ್ನೋದ್ರ ಮೇಲೆ ಉಸಿರಿನ ಟ್ಯೂಬ್ ಹಾಕೋದು ಸುಲಭನಾ ಕಷ್ಟನಾ ಅಂತ ಅಂದಾಜು ಮಾಡೋದು. ಮೂರು ಕ್ಲಾಸ್ ಇತ್ತು, ಎರಡು ವರ್ಷ ಬಿಟ್ಟು ಬೇರೆಯವ್ರು ನಾಲ್ಕನೇದು ಸೇರ್ಸಿದ್ರು. ನಂದು ಮೂರನೇ ಕ್ಲಾಸ್. ಕತ್ತು ಹಿಂದಕ್ಕೆ ಬಗ್ಸಿ ಗಲ್ಲದಿಂದ ಗಂಟಲಿಗೆ ಬೆರಳಲ್ಲಿ ಅಳತೆ ಮಾಡಿದ್ರು, ಹ್ಞೂಂ ಅಂದ್ರು. ಮೊದಲು ಆಪರೇಶನ್ ಆಗಿದ್ಯಾ ಅಂದ್ರು. ಆಗಿದೆ ಡಾಕ್ಟ್ರೇ, ಇಲ್ಲೇ, ಅಪೆಂಡಿಕ್ಸ್ ಅಂದೆ. ಆಗ ಏನಾದ್ರೂ ತೊಂದ್ರೆ? ರಾತ್ರಿಯೆಲ್ಲ ವಾಂತಿ, ಮಾರನೇ ದಿನ ತುಟಿ ಊದ್ಕೊಂಡಿತ್ತು, ನಿದ್ದೇಲಿ ಕಚ್ಕೊಂಡಿರ್ತೀರ ಅಂದಿದ್ರು ಅಂದೆ.

ಅವರು ಪೆನ್ ಇಟ್ರು. ಕಂಪ್ಯೂಟರ್ ಕಡೆ ತಿರುಗಿ ಓಲ್ಡ್ ರೆಕಾರ್ಡ್ಸ್ ಅಂತ ಒತ್ತಿದ್ರು, ತೆಗೆದ್ರೆ 43 ಪೇಜ್ ಸ್ಕ್ಯಾನ್, ಯಾವ ಪೇಜ್ ಏನು ಅಂತ ಹೆಸರಿಲ್ಲ, ಅರ್ಧ ಪೇಜ್ ಅಡ್ಡಡ್ಡ ಮಲಗಿದಾವೆ, ಹುಡುಕೋ ಬಟನ್‌ಗೆ ಏನೂ ಸಿಗಲ್ಲ ಯಾಕಂದ್ರೆ ಅದು ಅಕ್ಷರ ಅಲ್ಲ ಫೋಟೋ. ಹೊರಗೆ ಹತ್ತು ಜನ ಕಾಯ್ತಿದಾರೆ. ಮನುಷ್ಯ ಕತ್ತು ಓರೆ ಮಾಡ್ಕೊಂಡು ಒಂದೊಂದೇ ಪೇಜ್ ಓದ್ತಾ ಹೋದ್ರು, ಕ್ಯಾಂಟೀನ್ ಬಿಲ್ಲೂ ಮಧ್ಯ ಬಂತು. 31ನೇ ಪೇಜಲ್ಲಿ ಸಿಕ್ತು, ಕೈಬರಹದ ಅನಸ್ತೇಶಿಯಾ ಚಾರ್ಟ್. ಮೂಲೇಲಿ ಒಂದೂವರೆ ಸಾಲು. ಕಾರ್ಮಾಕ್ ಲೆಹೇನ್ ಗ್ರೇಡ್ 3, ಎರಡನೇ ಸಲ ಬೂಜಿ ಹಾಕಿ ಟ್ಯೂಬ್. ಗ್ರೇಡ್ 3 ಅಂದ್ರೆ ಗಂಟಲಿಗೆ ಲೈಟ್ ಹಾಕಿ ನೋಡಿದ್ರೂ ಧ್ವನಿ ಪೆಟ್ಟಿಗೆ ಕಾಣಲ್ಲ, ಅದರ ಮೇಲಿನ ಮುಚ್ಚಳ ಮಾತ್ರ ಕಾಣತ್ತೆ, ಅಂದಾಜಿನ ಮೇಲೆ ಬೂಜಿ ಅನ್ನೋ ತೆಳ್ಳನೆ ಕಡ್ಡಿ ಒಂದನ್ನ ತೂರ್ಸಿ ಅದರ ಮೇಲೆ ಟ್ಯೂಬ್ ಇಳಿಸ್ಬೇಕು. ನೀವು ಕಚ್ಕೊಂಡಿದ್ದಲ್ಲ ಅಂದ್ರು. ಎಂಟು ವರ್ಷ ನಾನು ನಿದ್ದೇಲಿ ತುಟಿ ಕಚ್ಕೊಳ್ಳೋಳು ಅಂದ್ಕೊಂಡಿದ್ದೆ!

ಅವತ್ತಿನ ಡಾಕ್ಟ್ರ ಮೇಲೆ ನಂಗೆ ಕೋಪ ಇಲ್ಲ, ಅವರು ಬರೆದಿದಾರೆ ತಾನೇ. ನಂಗೆ ಹೇಳ್ಲಿಲ್ಲ ಅಷ್ಟೇ, ಡಿಸ್ಚಾರ್ಜ್ ಸಮ್ಮರೀಲೂ ಹಾಕ್ಲಿಲ್ಲ. ನಾನು ಏನೂ ಆಗ್ಲಿಲ್ಲ ಅಂತ ಹೇಳಿದ್ರೆ ಇವರು ಫೈಲ್ ತೆಗೀತಿರ್ಲಿಲ್ಲ.

ಮನೇಲಿ ಯಾರಿಗಾದ್ರೂ ಅನಸ್ತೇಶಿಯಾದಲ್ಲಿ ತೊಂದ್ರೆ ಆಗಿದ್ಯಾ ಅಂತಾನೂ ಕೇಳಿದ್ರು, ಅದ್ಯಾಕೆ ಅಂದ್ರೆ ಒಂದು ಕಥೆ ಹೇಳಿದ್ರು. ಆಸ್ಟ್ರೇಲಿಯಾದಲ್ಲಿ 21 ವರ್ಷದ ಹುಡುಗ, ಕಾಲು ಮುರಿದು ಆಸ್ಪತ್ರೆಗೆ ಬಂದವನು ಕಾಲಿನ ಬಗ್ಗೆ ತಲೆ ಕೆಡಿಸ್ಕೊಳ್ದೇ ಮತ್ತು ಬರಿಸ್ಬೇಡಿ ಅಂತ ಹೆದರ್ತಿದ್ನಂತೆ, ಅವನ ಸಂಬಂಧಿಕರಲ್ಲಿ ಹತ್ತು ಜನ ಈಥರ್ ಅನ್ನೋ ಹಳೇ ಮತ್ತಿನ ಔಷಧಿ ಕೊಟ್ಟಾಗ ತೀರ್ಕೊಂಡಿದ್ರು. ಡಾಕ್ಟ್ರುಗಳು ಬೇರೆ ಔಷಧಿ ಕೊಟ್ರು, ಹಂಗೂ ಮೈ ಕಾಯೋಕೆ ಶುರುವಾಯ್ತು, ನಿಲ್ಸಿ ಐಸ್ ಹಾಕಿ ಉಳಿಸ್ಕೊಂಡ್ರು. 1960ರಲ್ಲಿ ಡೆನ್‌ಬರೋ ಮತ್ತೆ ಲೋವೆಲ್ ಅನ್ನೋರು ಇದನ್ನ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಗೆ ಬರೆದ್ರು, ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ ಅನ್ನೋ ಖಾಯಿಲೆ ವಂಶದಲ್ಲಿ ಹರಿಯತ್ತೆ ಅಂತ ಗೊತ್ತಾಗಿದ್ದೇ ಹಂಗೆ. ಆ ಖಾಯಿಲೆ ಬಗ್ಗೆ ಜಗತ್ತಿಗಿಂತ ಮುಂಚೆ ಗೊತ್ತಿದ್ದಿದ್ದು ಆ ಮನೆಯವರಿಗೆ. ಯಾರೋ ಕೇಳಿದ್ದಕ್ಕೆ ಪುಸ್ತಕಕ್ಕೆ ಬಂತು.

ವಾಂತಿ ವಿಷಯಕ್ಕೆ ನಾಲ್ಕು ಪ್ರಶ್ನೆ. ಹೆಂಗಸು, ಹೌದು. ಸಿಗರೇಟ್ ಸೇದಲ್ಲ, ಹೌದು. ಗಾಡೀಲಿ ಕೂತ್ರೆ ವಾಂತಿ ಬರತ್ತೆ ಇಲ್ಲಾ ಹೋದ ಸಲ ಬಂದಿತ್ತು, ಎರಡೂ ಹೌದು. ಆಪರೇಶನ್ ಆದ್ಮೇಲೆ ಮಾರ್ಫಿನ್ ಜಾತಿ ನೋವಿನ ಔಷಧಿ ಬೇಕಾಗ್ಬಹುದು, ಹೌದು. ನಾಲ್ಕಕ್ಕೆ ನಾಲ್ಕು. ಆಪ್ಫೆಲ್ ಸ್ಕೋರ್ ಅಂತೆ, 1999ರದ್ದು, ನಾಲ್ಕು ಬಂದ್ರೆ ಸುಮಾರು 80 ಪರ್ಸೆಂಟ್ ವಾಂತಿ ಗ್ಯಾರಂಟಿ, ಒಂದೂ ಇಲ್ದಿದ್ರೆ 10. ಸಿಗರೇಟ್ ಸೇದೋರಿಗೆ ಲಾಭ ಆಗೋ ಜಾಗ ಇದೊಂದೇ ಇರ್ಬೇಕು. ಗ್ಯಾಸ್ ಕೊಡಲ್ಲ, ಪೂರ್ತಿ ಡ್ರಿಪ್ಪಲ್ಲೇ ಮಲಗಿಸ್ತೀನಿ, ವಾಂತಿಗೆ ಎರಡು ಬೇರೆ ಬೇರೆ ಔಷಧಿ ಮೊದ್ಲೇ ಹಾಕ್ತೀನಿ ಅಂದ್ರು. ಕೊನೇಗೆ ಕ್ಯಾಪ್ಸೂಲ್ ಗೀಪ್ಸೂಲ್ ಅಂತ ಕೇಳಿದ್ರು, ಗಿಂಕೋ ನಿಲ್ಸಿದೀನಿ ಡಯಟೀಶಿಯನ್ ಹೇಳಿದ್ರು ಅಂದೆ, ಆಗ ಆ ಟ್ಯಾಬ್ ತೆಗೆದ್ರು, ತೂಕವೂ ಆಗ್ಲೇ ಸರಿ ಆಯ್ತು. ಗೊತ್ತಾಯ್ತಲ್ಲ, ಆ ಎರಡು ಟ್ಯಾಬ್ ಮಧ್ಯ ಇದ್ದ ವೈರ್ ನಾನೇ.

ಉಪವಾಸದ ಕಥೆ ಕೇಳಿ. ಡಾಕ್ಟ್ರು ಹೇಳಿದ್ದು, ಲಘು ಊಟ ಆಪರೇಶನ್‌ಗೆ ಆರು ಗಂಟೆ ಮುಂಚೆವರೆಗೆ, ಕರಿದಿದ್ದು ಜಿಡ್ಡಿಂದು ಆದ್ರೆ ಎಂಟು ಗಂಟೆ, ನೀರು ಮತ್ತೆ ಹಾಲಿಲ್ಲದ ಕಾಫಿ ಟೀ ಎರಡು ಗಂಟೆ ಮುಂಚೆವರೆಗೆ ಕುಡೀರಿ, ಕುಡಿಬಹುದು ಅಂತಲ್ಲ, ಕುಡೀರಿ. ವಾರ್ಡಿಗೆ ಹೋದ್ರೆ ಮಂಚದ ತಲೆ ಹತ್ರ ಬೋರ್ಡ್, ರಾತ್ರಿ ಹತ್ತರಿಂದ ನೀರೂ ಇಲ್ಲ. ಸಿಸ್ಟರ್, ಡಾಕ್ಟ್ರು ನೀರು ಕುಡಿ ಅಂದಿದಾರೆ ಅಂದೆ. ನಮಗೆ ಹಂಗೆ ಆರ್ಡರ್ ಬಂದಿಲ್ಲಮ್ಮ, ಹೆಚ್ಚು ಕಮ್ಮಿ ಆದ್ರೆ ನಮ್ಮ ತಲೆ ಮೇಲೆ ಬರತ್ತೆ ಅಂದ್ರು. ಅವರದ್ದೂ ತಪ್ಪಲ್ಲ. ಈ ಭಯಕ್ಕೆ ಬುಡ ಇದೆ, 1946ರಲ್ಲಿ ಮೆಂಡೆಲ್ಸನ್ ಅನ್ನೋ ಡಾಕ್ಟ್ರು ಹೆರಿಗೆಗೆ ಬಂದ 44,016 ಜನರಲ್ಲಿ 66 ಜನರಿಗೆ ಮತ್ತಲ್ಲಿದ್ದಾಗ ಹೊಟ್ಟೇಲಿದ್ದಿದ್ದು ಶ್ವಾಸಕೋಶಕ್ಕೆ ಹೋಗಿದ್ದನ್ನ ಬರೆದ್ರು, ಅಲ್ಲಿಂದ ಏನೂ ಕೊಡ್ಬೇಡಿ ಅನ್ನೋದು ಗಟ್ಟಿಯಾಯ್ತು. ಆಮೇಲೆ ನೀರು ಹೊಟ್ಟೇಲಿ ನಿಲ್ಲಲ್ಲ ಬೇಗ ಇಳಿಯತ್ತೆ ಅಂತ ತಿಳೀತು, ಅಮೆರಿಕದ ಅನಸ್ತೇಶಿಯಾ ಸೊಸೈಟಿ ಎರಡು ಗಂಟೆ ಸಾಕು ಅಂತ ಬರೆದಿದ್ದು 1999ರಲ್ಲಿ. ಆ ಕಾಗದ ಇನ್ನೂ ಈ ವಾರ್ಡಿನ ಬೋರ್ಡಿಗೆ ಬಂದಿಲ್ಲ. ಈ ಆಸ್ಪತ್ರೆಗೆ ನಾಲೆಜ್ ಪೋರ್ಟಲ್ ಅಂತ ಒಂದಿದೆ, ಲಿಫ್ಟಲ್ಲಿ ಪೋಸ್ಟರ್ ಹಾಕಿದಾರೆ, ಎಲ್ಲ ಗೈಡ್‌ಲೈನ್ ಒಂದೇ ಕಡೆ ಅಂತ. ಅದ್ರಲ್ಲಿ ಎರಡು ಗಂಟೆ ಅಂತಾನೇ ಇದ್ಯಂತೆ. ನೈಟ್ ಸಿಸ್ಟರ್ ಹೇಳಿದ್ರು, ಅದಕ್ಕೆ ಪಾಸ್‌ವರ್ಡ್ ಮೂರು ತಿಂಗಳಿಗೊಂದ್ಸಲ ಬದಲಾಗತ್ತೆ, ನಾನು ಲಾಕ್ ಆಗಿ ಒಂದು ವರ್ಷ ಆಯ್ತು. ಕೊನೇಗೆ ಫೋನ್ ಮಾಡ್ಸಿ, ಡಾಕ್ಟ್ರು ಬೈದು, ಬೆಳಗ್ಗೆ ಆರಕ್ಕೆ ಒಂದು ಲೋಟ ನೀರು ಸಿಕ್ತು. ನನ್ನ ಪಕ್ಕದ ಮಂಚದ ಅಜ್ಜಿಗೆ ಸಿಗ್ಲಿಲ್ಲ, ಅವರು ಕೇಳ್ಲಿಲ್ಲ.

ಥಿಯೇಟರ್ ಒಳಗೆ ತಣ್ಣಗೆ. ನನ್ನ ಹೆಸರು ನನ್ನ ಬಾಯಲ್ಲೇ ಹೇಳ್ಸಿದ್ರು, ಯಾವ ಆಪರೇಶನ್ ಅಂತ ಹೇಳ್ಸಿದ್ರು, ಆಮೇಲೆ ಒಬ್ಬ ಸಿಸ್ಟರ್ ಗಟ್ಟಿಯಾಗಿ ಓದ್ತಾ ಹೋದ್ರು, ಅಲರ್ಜಿ ಇದ್ಯಾ, ಡಿಫಿಕಲ್ಟ್ ಏರ್‌ವೇ, ಅಂದ್ರೆ ಟ್ಯೂಬ್ ಹಾಕೋಕೆ ಕಷ್ಟದ ಗಂಟಲು, ಇದ್ಯಾ. ಇದೆ, ವಿಡಿಯೋ ಲಾರಿಂಗೋಸ್ಕೋಪ್ ರೆಡಿ ಇದೆ, ಬೂಜಿ ರೆಡಿ ಇದೆ ಅಂದ್ರು ನಮ್ಮ ಡಾಕ್ಟ್ರು, ಮೊದಲನೇದು ಗಂಟಲೊಳಗೆ ನೋಡೋ ಕ್ಯಾಮೆರಾ. 31ನೇ ಪೇಜಿನ ಒಂದೂವರೆ ಸಾಲು ಎಂಟು ವರ್ಷ ಬಿಟ್ಟು ಆ ರೂಮಲ್ಲಿ ಜೋರಾಗಿ ಓದಿದ್ ಕೇಳಿ ನಂಗೆ ಯಾಕೋ ಕಣ್ಣು ತುಂಬ್ತು, ಹೆದರಿಕೆಗೂ ಇರ್ಬಹುದು. ಈ ಓದೋ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆದು, 2008ರಲ್ಲಿ ಬಂದಿದ್ದು, 19 ಐಟಂ, ಒಂದೇ ಹಾಳೆ. ಎಂಟು ದೇಶದ ಎಂಟು ಆಸ್ಪತ್ರೇಲಿ ನೋಡಿದಾಗ ಸಾವು 1.5 ಪರ್ಸೆಂಟಿಂದ 0.8ಕ್ಕೆ ಇಳೀತು ಅಂತ 2009ರಲ್ಲಿ ಬರೆದ್ರು. ಹಾಳೆಗಿಂತ ಜೋರಾಗಿ ಓದೋದ್ರಲ್ಲೇ ಅದರ ಜೀವ ಇದೆ ಅಂತ ನಂಗೆ ಅನ್ಸತ್ತೆ, ಪೋರ್ಟಲ್ ಪಾಪ ಬಾಯಿ ತೆಗಿಯಲ್ಲ.

ಬೆರಳಿಗೆ ಕ್ಲಿಪ್ ಹಾಕಿದ್ರು, ಅದು 1974ರಲ್ಲಿ ಟಕುವೊ ಅಯೋಯಾಗಿ ಅನ್ನೋ ಜಪಾನಿ ಎಂಜಿನಿಯರ್ ಕಂಡುಹಿಡಿದ ತತ್ವ, ಚರ್ಮದೊಳಗೆ ಬೆಳಕು ಹಾಯ್ಸಿ ರಕ್ತದ ಆಕ್ಸಿಜನ್ ಹೇಳತ್ತೆ. ಮಾಸ್ಕ್ ಇಟ್ಟು ಮೂರು ನಿಮಿಷ ಬರೀ ಆಕ್ಸಿಜನ್, ಟ್ಯೂಬ್ ಹಾಕೋಕೆ ತಡ ಆದ್ರೆ ಇದು ಉಳಿತಾಯದ ದುಡ್ಡು ಅಂದ್ರು ಡಾಕ್ಟ್ರು. ಆಮೇಲೆ ಹಾಲಿನ ಥರ ಬೆಳ್ಳಗಿರೋ ಔಷಧಿ, ಪ್ರೋಪೋಫಾಲ್, ನೀರಲ್ಲಿ ಕರಗಲ್ಲ ಅಂತ ಸೋಯಾ ಎಣ್ಣೇಲಿ ಕದಡಿರ್ತಾರೆ ಅದಕ್ಕೇ ಆ ಬಣ್ಣ, ಕೈ ಸ್ವಲ್ಪ ಉರಿಯತ್ತೆ ಅಂದ್ರು, ಉರೀತು, ಉರೀತಿದೆ ಅಂತ ಹೇಳೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಯಾರೋ ನನ್ನ ಹೆಸರು ಕರೀತಿದ್ರು, ಗಡಿಯಾರದಲ್ಲಿ ಒಂದೂಮುಕ್ಕಾಲು ಗಂಟೆ ಹೋಗಿತ್ತು. ನಿದ್ದೆ ಅಲ್ಲ ಅದು. ನಿದ್ದೇಲಿ ಹೊತ್ತು ಹೋಗಿದ್ದು ಮೈಗೆ ಗೊತ್ತಿರತ್ತೆ, ಇಲ್ಲಿ ಆ ಸಮಯಾನೇ ಕತ್ತರಿಸಿ ತೆಗೆದ ಹಾಗೆ.

ವಾಂತಿ ಒಂದು ಸಲವೂ ಆಗ್ಲಿಲ್ಲ. ತುಟಿ ಊದ್ಲಿಲ್ಲ. ಗಂಟಲು ಎರಡು ದಿನ ಕೆರೆತ. ಬಲ ಭುಜ ನೋವು ಮಾತ್ರ ಸಖತ್ ಇತ್ತು, ಹೊಟ್ಟೆ ಆಪರೇಶನ್ ಮಾಡಿ ಭುಜ ಯಾಕೆ ನೋಯತ್ತೆ ಅಂತ ಗಾಬರಿ ಆದೆ, ಹೊಟ್ಟೆ ಉಬ್ಬಿಸೋಕೆ ತುಂಬಿದ ಕಾರ್ಬನ್ ಡೈಆಕ್ಸೈಡ್ ಒಳಗೆ ಎದೆಗೂ ಹೊಟ್ಟೆಗೂ ಮಧ್ಯ ಇರೋ ಪರದೆಯನ್ನ ಕೆರಳ್ಸತ್ತೆ, ಆ ಪರದೆ ನರವೂ ಭುಜದ ನರವೂ ಕತ್ತಲ್ಲಿ ಒಂದೇ ಕಡೆಯಿಂದ ಬರೋದ್ರಿಂದ ಮೆದುಳಿಗೆ ಭುಜ ಅಂತ ಅನ್ಸತ್ತೆ, ಓಡಾಡಿದ್ರೆ ಹೋಗತ್ತೆ ಅಂತ ಮೊದ್ಲೇ ಹೇಳಿದ್ರೆ ಚೆನ್ನಾಗಿರ್ತಿತ್ತು. ಅದಕ್ಕೆ ಅರ್ಧ ಸ್ಟಾರ್ ಕಟ್ ಮಾಡೋಣ ಅಂದ್ಕೊಂಡೆ, ಮನಸು ಬರ್ಲಿಲ್ಲ. ಅನಸ್ತೇಶಿಯಾಕ್ಕೆ ಐದಕ್ಕೆ ಐದು.

ಈಗ ಎರಡು ಸ್ಟಾರ್ ವಿಷಯ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂತು, ಆರು ಪೇಜ್. ಮೊದಲ ಪೇಜಲ್ಲಿ ನಾನು ಹೆಂಗಸು, ಮೂರನೇ ಪೇಜಲ್ಲಿ ನಾನು ಹರ್ನಿಯಾ ಇರೋ ಗಂಡಸು, ಹಿಂದಿನ ಪೇಶಂಟಿನ ಪ್ಯಾರಾ ಕಾಪಿ ಪೇಸ್ಟ್ ಆಗಿದೆ. ಬ್ಲಡ್ ರಿಪೋರ್ಟ್ ಎಲ್ಲ ಎರಡೆರಡು ಸಲ ಇದೆ. ಗ್ರೇಡ್ 3 ಗಂಟಲಿನ ಬಗ್ಗೆ ಒಂದು ಅಕ್ಷರ ಇಲ್ಲ, ತೂಕ ಇಳಿದಿದ್ರ ಬಗ್ಗೆ ಇಲ್ಲ. ಅನಸ್ತೇಶಿಯಾ: ಜನರಲ್, ಅನ್‌ಈವೆಂಟ್‌ಫುಲ್, ಅಂದ್ರೆ ಏನೂ ತೊಂದ್ರೆ ಆಗ್ಲಿಲ್ಲ ಅಂತ. ಯಾಕೆ ಅನ್‌ಈವೆಂಟ್‌ಫುಲ್ ಆಯ್ತು ಅನ್ನೋದೇ ಮುಂದಿನ ಸಲಕ್ಕೆ ಬೇಕಾಗಿರೋದು, ಅದನ್ನ ಹಾಕೋಕೆ ಆ ಫಾರಮ್ಮಲ್ಲಿ ಜಾಗಾನೇ ಇಲ್ವಂತೆ.

ತಮಾಷೆ ಏನು ಗೊತ್ತಾ, ಆಪರೇಶನ್ ಟೈಮಲ್ಲಿ ನಾಡಿ ಉಸಿರು ಬರೆದಿಡೋ ಚಾರ್ಟ್ ಹುಟ್ಟಿದ್ದೇ ಇಂಥ ತಪ್ಪಿಂದ. 1890ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೇಲಿ ಹಾರ್ವೆ ಕುಶಿಂಗ್, ಅರ್ನೆಸ್ಟ್ ಕಾಡ್‌ಮನ್ ಅಂತ ಇಬ್ರು ಸ್ಟೂಡೆಂಟ್ಸ್, ಏನೂ ಟ್ರೇನಿಂಗ್ ಇಲ್ದೇ ಈಥರ್ ಕೊಡೋ ಕೆಲಸ ಇವರ ತಲೆಗೆ, ಕುಶಿಂಗ್ ಕೈಯಲ್ಲಿ ಒಬ್ಬ ಪೇಶಂಟ್ ತೀರ್ಕೊಂಡ್ರು. ಅದಾದ್ಮೇಲೆ ಇಬ್ರೂ ಸೇರಿ ಕೆಲವು ನಿಮಿಷಕ್ಕೊಂದ್ಸಲ ನಾಡಿ ಉಸಿರು ಗೀಚೋ ಈಥರ್ ಚಾರ್ಟ್ ಶುರು ಮಾಡಿದ್ರು. 1846 ಅಕ್ಟೋಬರ್ 16ಕ್ಕೆ ಮಾರ್ಟನ್ ಅನ್ನೋ ಹಲ್ಲಿನ ಡಾಕ್ಟ್ರು ಜನರ ಮುಂದೆ ಈಥರ್ ಕೊಟ್ಟು ತೋರ್ಸಿದ್ದು ಅದೇ ಆಸ್ಪತ್ರೇಲಿ, ಅಂದ್ರೆ ಹತ್ರ ಹತ್ರ ಐವತ್ತು ವರ್ಷ ಅದನ್ನ ಕೊಟ್ರು, ಕ್ರಮವಾಗಿ ಬರ್ಕೊಳ್ಳೋದು ಯಾರಿಗೂ ಹೊಳೀಲಿಲ್ಲ. ಕಾಡ್‌ಮನ್ ಆಮೇಲೆ ಇನ್ನೂ ಮುಂದೆ ಹೋದ್ರು, ಪ್ರತಿ ಪೇಶಂಟಿಗೂ ಒಂದು ಕಾರ್ಡು, ವರ್ಷ ಬಿಟ್ಟು ಕರೆದು ನೋಡಿ ಏನಾಯ್ತು, ತಪ್ಪಾಗಿದ್ರೆ ಯಾಕೆ ಅಂತ ಅದ್ರಲ್ಲೇ ಬರೆಯೋದು. ಸಹೋದ್ಯೋಗಿಗಳಿಗೆ ಇದು ಹಿಡಿಸ್ಲಿಲ್ಲ, 1914ರಲ್ಲಿ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು. ನೂರು ವರ್ಷದ ಮೇಲಾಯ್ತು. ನಮ್ಮ ಹತ್ರ ಸರ್ವರ್ ಇದೆ, ಕ್ಲೌಡ್ ಇದೆ, ಕಾಡ್‌ಮನ್ ಕಾರ್ಡಿನಷ್ಟು ಉಪಯೋಗ ಆ 43 ಪೇಜಿಂದ ಇಲ್ಲ.

ಹಂಗಾದ್ರೆ ಒಂದು ಸ್ಟಾರ್ ಕೊಡ್ಬೇಕಿತ್ತಲ್ಲ ಎರಡ್ಯಾಕೆ ಅಂದ್ರೆ, ಸ್ಕ್ಯಾನ್ ಮಾಡಿದ ಯಾರೋ ಪುಣ್ಯಾತ್ಮರು ಆ 31ನೇ ಪೇಜ್ ಬಿಡದೇ ಹಾಕಿದಾರಲ್ಲ, ಅಡ್ಡಡ್ಡ ಆದ್ರೂ ಸರಿ, ಅವರಿಗೆ ಒಂದು.

ಡಿಸ್ಚಾರ್ಜ್ ದಿನ ಅನಸ್ತೇಶಿಯಾ ಡಾಕ್ಟ್ರು ವಾರ್ಡಿಗೆ ಬಂದ್ರು, ಸಮ್ಮರಿ ನೋಡಿದ್ರು, ಗಂಡಸಾಗಿದ್ದಕ್ಕೆ ನಕ್ಕರು. ಸಿಸ್ಟಮ್ಮಲ್ಲಿ ಅಲರ್ಟ್ ಹಾಕಿದೀನಿ, ಆದ್ರೆ ಅಲರ್ಟ್ ಎಷ್ಟು ಬರತ್ತೆ ಅಂದ್ರೆ ಎಲ್ರೂ ಓದ್ದೇ ಕ್ಲೋಸ್ ಮಾಡ್ತಾರೆ, ನಾನೂ ಮಾಡ್ತೀನಿ ಅಂದ್ರು. ಲೆಟರ್‌ಹೆಡ್ ತಗೊಂಡು ಕೈಯಲ್ಲಿ ಬರೆದ್ರು, ಗಂಟಲು ಹೇಗಿದೆ, ಯಾವ ಬ್ಲೇಡ್ ಹಾಕ್ದೆ, ಎಷ್ಟು ಸೈಜ್ ಟ್ಯೂಬ್, ಎಷ್ಟನೇ ಸಲಕ್ಕೆ ಹೋಯ್ತು, ಮಾಸ್ಕಲ್ಲಿ ಉಸಿರು ಕೊಡೋದು ಸುಲಭ ಇತ್ತು, ವಾಂತಿಗೆ ಏನು ಕೊಟ್ಟೆ. ಇದನ್ನ ಪರ್ಸಲ್ಲಿ ಇಟ್ಕೊಳ್ಳಿ, ಫೋಟೋ ತೆಗೆದು ಮನೆಯವ್ರಿಗೂ ಕಳ್ಸಿ, ನಿಮಗೆ ಎಚ್ಚರ ಇಲ್ದಾಗ ಬೇಕಾಗೋದು ಇದು ಅಂದ್ರು.

ಎಡಿಟ್: ನಿನ್ನೆ ಹೊಲಿಗೆ ತೋರ್ಸೋಕೆ ಹೋಗಿದ್ದೆ. ಹೊಸ ಜೂನಿಯರ್ ಡಾಕ್ಟ್ರು, ಸ್ಕ್ರೀನ್ ನೋಡ್ಕೊಂಡೇ ಕೇಳಿದ್ರು, ಮೇಡಂ ಮೊದಲು ಯಾವ್ದಾದ್ರೂ ಆಪರೇಶನ್ ಆಗಿದ್ಯಾ? ಪರ್ಸ್ ತೆಗೆದೆ. ಪೂರ್ತಿ ಓದಿದ್ರು ಪಾಪ, ಎರಡು ಸಲ ಓದಿ ಇದರದ್ದು ಒಂದು ಜೆರಾಕ್ಸ್ ಕೊಡ್ತೀರಾ ಫೈಲಿಗೆ ಹಾಕ್ತೀನಿ ಅಂದ್ರು. ಕೊಟ್ಟೆ. ಎಷ್ಟನೇ ಪೇಜ್ ಅಂತ ಕೇಳಿ ಬರ್ಕೊಂಡು ಬಂದಿದೀನಿ, 50.